ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ

ನಮ್ಮ ಅಕ್ಕ ಸುಳ್ಳು ಹೇಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದ ಅಷ್ಟೂ ಫಜೀತಿಗೆ ಅವಳು ಹೇಳಿದ ಒಂದು ನಿಜವೇ ಕಾರಣ.

ಮಗಳ ಮದುವೆಯ ಮಾತುಕತೆಗೆ ಬಂದಿದ್ದ ಬೀಗರು, "ಹುಡುಗಿಯ ತಂದೆ ಎಲ್ಲಿ ಕೆಲಸದಲ್ಲಿದ್ದಾರೆ?" ಎಂದು ಕೇಳಿದರು. ಅಕ್ಕ ಸೆರಗು ಸರಿಮಾಡಿಕೊಂಡು, "ಡೈರೆಕ್ಟರ ಆಫೀಸಿನಲ್ಲಿ. ಅಲ್ಲಿ ಇವರನ್ನ ಕೇಳದೆ ಯಾರೂ ಒಳಗೆ ಹೋಗೋ ಹಾಗಿಲ್ಲ" ಎಂದಳು.

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿ. ನಮ್ಮ ಭಾವ ಜೀವಮಾನವೆಲ್ಲ ಡೈರೆಕ್ಟರ ಕೋಣೆಯ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಜವಾನರು. ಅವರನ್ನು ಕೇಳದೆ ನಿಜವಾಗಿಯೂ ಯಾರೂ ಒಳಗೆ ಹೋಗುವ ಹಾಗಿರಲಿಲ್ಲ. ಬೀಗರು ತಲೆಯಾಡಿಸಿದರು, ಕಾಫಿ ಕುಡಿದರು, ಮದುವೆ ಆಯಿತು. ಭಾವ ನಿವೃತ್ತರೂ ಆದರು. ಬೀಳ್ಕೊಡುಗೆಯ ದಿನ ಫೋಟೋ ತೆಗೆದವನು ನಾನೇ, ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ನಡುವೆ ಡೈರೆಕ್ಟರು, ಅಂಚಿನಲ್ಲಿ ಬಿಳಿ ಸಮವಸ್ತ್ರ ತೊಟ್ಟು ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಹಾಕಿಕೊಂಡ ಭಾವ. ಫೋಟೋ ಚೆನ್ನಾಗಿ ಬಂದಿತ್ತು. ಅಕ್ಕ ಅದನ್ನು ಗೋಡೆಗೆ ಹಾಕಲಿಲ್ಲ. ಬೀರುವಿನಲ್ಲಿ ಸೀರೆಗಳ ಅಡಿಗೆ ಸೇರಿಸಿದಳು. ಆ ಬೀರು ಬೀಗರು ಕೊಟ್ಟದ್ದು.

ಬೀಗರದು ಸ್ಟೀಲ್ ಬೀರುಗಳ ಅಂಗಡಿ. ಊರಿನ ಅರ್ಧ ಆಫೀಸುಗಳಲ್ಲಿ ಫೈಲುಗಳು ಮಲಗಿರುವುದು ಅವರು ಮಾರಿದ ಬೀರುಗಳಲ್ಲೇ. ಪ್ರಪಂಚದಲ್ಲಿ ಏನನ್ನೇ ತೋರಿಸಿದರೂ ಅದರೊಳಗೆ ಬೀರು ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕುವ ಮನುಷ್ಯ. ಭಾವನ ಜೊತೆ ಮರ್ಯಾದೆಯಾಗಿಯೇ ಇದ್ದರು, ಆದರೆ ಆ ಮರ್ಯಾದೆಯಲ್ಲಿ ಬಿಸಿ ಇರಲಿಲ್ಲ. "ಆಫೀಸರುಗಳನ್ನ ನಾನು ಬೇಕಾದಷ್ಟು ನೋಡಿದೀನಿ ಬಿಡಿ" ಎನ್ನುತ್ತಿದ್ದರು. ಅಕ್ಕನಿಗೆ ಅದೇ ಕೊರಗು. ಗಂಡನನ್ನು ಇನ್ನೂ ಸ್ವಲ್ಪ ದೊಡ್ಡ ಆಫೀಸರನ್ನಾಗಿ ಮಾಡಿದ್ದರೆ ಆಗುತ್ತಿತ್ತೇನೋ ಎಂದು ಅವಳು ಹಗಲೂ ಇರುಳೂ ಯೋಚಿಸುತ್ತಿದ್ದಳು.

ಅಷ್ಟರಲ್ಲಿ ಬೀಗರೇ, ಎರಡು ಮನೆಯ ಹಿರಿಯರೂ ಸೇರಿ ರಾಜಧಾನಿ ನೋಡಿಕೊಂಡು ಬರೋಣ ಎಂದು ಹೊರಡಿಸಿದರು. "ಹಳೇ ಸರ್ಕಾರಿ ಕಟ್ಟಡಗಳನ್ನೆಲ್ಲಾ ಒಂದೇ ದಿನದಲ್ಲಿ ತೋರಿಸ್ತಾರಂತೆ. ನಮ್ಮ ಬೀಗರು ಸರ್ಕಾರದಲ್ಲಿ ಇದ್ದವರು, ವಿವರಿಸ್ತಾರೆ."

ಅಕ್ಕನಿಗೆ ಇಷ್ಟು ಸಾಕಾಯಿತು. ಅಂದು ಸಂಜೆಯೇ ನಮ್ಮ ಮನೆಗೆ ಬಂದು ನನ್ನ ಮದುವೆಯ ಕೋಟು, ನನ್ನ ಕರೀ ಶೂ ಎರಡನ್ನೂ ಜಪ್ತಿ ಮಾಡಿದಳು. ಕೋಟು ಭಾವನಿಗೆ ಭುಜದಲ್ಲಿ ಸರಿಹೋಯಿತು. ಶೂ ಸರಿಹೋಗಲಿಲ್ಲ. "ಒಂದು ದಿನ ತಾನೇ, ಸಹಿಸ್ಕೊಳ್ಳಿ" ಎಂದಳು. "ಬಾಯಿ ಮಾತ್ರ ಬಿಡಬೇಡಿ. ಏನು ಕೇಳಿದ್ರೂ ಗಂಭೀರವಾಗಿ ತಲೆಯಾಡಿಸಿ." ಫೋಟೋ ತೆಗೆಯುವ ನೆಪದಲ್ಲಿ ನನ್ನನ್ನೂ ಕಾವಲಿಗೆ ಹೊರಡಿಸಿದಳು.

ಬಾಯಿಯನ್ನು ಭಾವ ಬಿಗಿಹಿಡಿದರು. ಆದರೆ ಮೈಗೆ ಯಾರು ಹೇಳಬೇಕು? ಮೊದಲು ಹೋದದ್ದು ಹಳೆಯ ಖಜಾನೆಗೆ. ಆಳೆತ್ತರದ ಬಾಗಿಲು ಕಂಡದ್ದೇ ತಡ, ಭಾವ ಓಡಿಹೋಗಿ ಅದನ್ನು ಹಿಡಿದು ನಿಂತರು. ನಮ್ಮವರೆಲ್ಲ ಒಳಗೆ ಹೋದರು. ಹಿಂದೆ ಬಂದ ಪ್ರವಾಸಿಗಳು ಹೋದರು, ಅವರ ಹಿಂದಿನವರೂ ಹೋದರು. ಕಡೆಗೆ ನಾನೇ ಹೋಗಿ ಕೈಹಿಡಿದು ಎಳೆದುಕೊಂಡು ಬಂದೆ. ಬೀಗರು ಒಳಗಿನ ಕಬ್ಬಿಣದ ಕೋಣೆಯನ್ನು ಕಣ್ಣಳತೆ ಮಾಡುತ್ತ, "ಗೋಡೆಗೆ ಒತ್ತಿ ನಿಲ್ಲಿಸಿದರೆ ಎರಡು ಸಾಲು ಬೀರು" ಎನ್ನುತ್ತಿದ್ದರು.

ಅಲ್ಲಿಂದ ಹಳೆಯ ನ್ಯಾಯಾಲಯ. ಅಲ್ಲಿ ಭಾವ ಖಾಲಿ ಕೋರ್ಟು ಹಾಲಿನ ಬಾಗಿಲನ್ನು ಮೆಲ್ಲಗೆ ತಟ್ಟಿ, ಒಳಗಿಂದ ಉತ್ತರ ಬರಲಿ ಎಂದು ಕಾದರು. ಉತ್ತರ ಕೊಡಬೇಕಾದ ನ್ಯಾಯಾಧೀಶರು ಎಂದೋ ತೀರಿಕೊಂಡು ಗೋಡೆಯ ಮೇಲೆ ಚಿತ್ರವಾಗಿದ್ದರು. ಅವರ ಖಾಲಿ ಕುರ್ಚಿಯ ಮುಂದೆ ಹಾಯುವಾಗ ಭಾವ ತಲೆ ತಗ್ಗಿಸಿ, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬಂದರು.

"ಎಷ್ಟು ವಿನಯ ನೋಡಿ" ಎಂದರು ಬೀಗಿತಿ. "ದೊಡ್ಡ ಅಧಿಕಾರದಲ್ಲಿದ್ದವರು ಹೀಗೇ ಇರ್ತಾರೆ."

"ಹೌದು, ಮೊದಲಿಂದಲೂ ಇವರು ಹೀಗೇ" ಎಂದು ಅಕ್ಕ ನಕ್ಕು, ಯಾರಿಗೂ ಕಾಣದಂತೆ ಭಾವನ ತೋಳು ಚಿವುಟಿದಳು. ಚಿವುಟಿದ್ದು ನನ್ನ ಕೋಟಿನ ಮೇಲೆ ಎಂಬುದು ಅವಳ ಗಮನಕ್ಕೆ ಬರಲಿಲ್ಲ.

ಮಧ್ಯಾಹ್ನ ಹಳೆಯ ಸಚಿವಾಲಯಕ್ಕೆ ಬಂದೆವು. ಕಲ್ಲಿನ ಕಟ್ಟಡ, ಸಾಗುವಾನಿ ಮೆಟ್ಟಿಲು, ಮೆಟ್ಟಿಲ ಕಂಬಿಗೆ ಹಿತ್ತಾಳೆಯ ಗುಬುಟು. ಮಹಡಿಯ ಉದ್ದನೆಯ ಮೊಗಸಾಲೆಯಲ್ಲಿ ಒಂದು ಕಡೆ ಚಾರಿತ್ರಿಕ ಕೋಣೆಗಳು. ಇನ್ನೊಂದು ಕಡೆ ಈಗಲೂ ನಡೆಯುತ್ತಿರುವ ಕಚೇರಿಗಳು. ಯಾವುದು ಚರಿತ್ರೆ, ಯಾವುದು ಕಚೇರಿ ಎಂದು ಧೂಳು ನೋಡಿ ಹೇಳುವಂತಿರಲಿಲ್ಲ. ಚಿತ್ರಶಾಲೆ ಕೆಳಗಿದೆ, ಮೊದಲು ಅದನ್ನು ನೋಡಿಬನ್ನಿ ಎಂದರು ಅಲ್ಲಿನವರು. ಭಾವನ ಕಾಲು ಆಗಲೇ ಊದಿಕೊಂಡಿತ್ತು.

"ನೀವೆಲ್ಲ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಸ್ವಲ್ಪ ಕೂತಿರ್ತೀನಿ" ಎಂದರು.

"ಕೂತ್ಕೊಳ್ಳಿ. ನೋಡಿದವರು ಮೆಚ್ಚೋ ಜಾಗದಲ್ಲಿ ಕೂತ್ಕೊಳ್ಳಿ" ಎಂದು ಅಕ್ಕ ಹೇಳಿ ಹೋದಳು.

ಇಲ್ಲಿಂದ ಮುಂದಿನ ಸ್ವಲ್ಪ ಭಾಗವನ್ನು ನಾನು ಕಣ್ಣಾರೆ ಕಂಡಿಲ್ಲ. ಭಾವ ಹೇಳಿದ್ದನ್ನೂ ಅಲ್ಲಿನ ಒಬ್ಬ ಗುಮಾಸ್ತ ಹೇಳಿದ್ದನ್ನೂ ಸೇರಿಸಿ ಹೊಲಿದಿದ್ದೇನೆ. ಹೊಲಿಗೆ ಕಂಡರೆ ಕ್ಷಮಿಸಿ.

ಮೊಗಸಾಲೆಯಲ್ಲಿ ಬೆಂಚುಗಳಿದ್ದವು. ಕಿಟಕಿಗಳಿಗೆ ಅಗಲವಾದ ಕಟ್ಟೆಗಳಿದ್ದವು. ಭಾವನ ಕಣ್ಣಿಗೆ ಅವೊಂದೂ ಬೀಳಲಿಲ್ಲ. ಒಂದು ದೊಡ್ಡ ಬಾಗಿಲ ಪಕ್ಕದಲ್ಲಿ ಸ್ಟೂಲೊಂದು ಇತ್ತು, ದೀಪ ರಿಪೇರಿಯವನು ಊಟಕ್ಕೆ ಹೋಗುವಾಗ ಬಿಟ್ಟದ್ದು. ಬಾಗಿಲು, ಬಾಗಿಲ ಪಕ್ಕ ಸ್ಟೂಲು. ಭಾವನ ಕಾಲುಗಳು ತಾವೇ ಅತ್ತ ನಡೆದವು. ಕೂತರು, ಬೆನ್ನು ನೆಟ್ಟಗಾಯಿತು, ಎರಡು ಕೈಯೂ ಮೊಣಕಾಲ ಮೇಲೆ ಬಂದವು. ನಿವೃತ್ತಿಯಾದ ಮೇಲೆ ಅಷ್ಟು ಹಾಯಾಗಿ ಎಲ್ಲಿಯೂ ಕೂತಿರಲಿಲ್ಲವಂತೆ.

ಒಬ್ಬ ಪ್ರವಾಸಿ ಹೆಂಡತಿಯೊಂದಿಗೆ ಬಂದು ಬಾಗಿಲ ಹಿಡಿಗೆ ಕೈ ಹಾಕಿದ. ಭಾವನ ಬಲಗೈ ತಾನಾಗಿ ಅಡ್ಡ ಚಾಚಿತು. ಬಾಯಿ ತಾನಾಗಿ ಹೇಳಿತು: "ಸಾಹೇಬರು ಮೀಟಿಂಗಲ್ಲಿದ್ದಾರೆ."

ಅವರು ಕ್ಷಮೆ ಕೇಳಿ ತುದಿಗಾಲಲ್ಲಿ ಹೊರಟುಹೋದರು. ಇಷ್ಟಕ್ಕೇ ನಿಂತಿದ್ದರೆ ಕಥೆಯಿಲ್ಲ. ಎದುರಿನ ಕಚೇರಿಯಿಂದ ಹೊರಗೆ ಬಂದ ಗುಮಾಸ್ತ ಈ ಮಾತು ಕೇಳಿಸಿಕೊಂಡ.

"ಯಾರು ಬಂದಿದ್ದಾರೆ ಸಾರ್ ಒಳಗೆ?"

"ಸಾಹೇಬರು."

"ಯಾವ ಸಾಹೇಬರು?"

ಭಾವ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು. ಅದು ಅವರು ವರ್ಷಗಟ್ಟಲೆ ಸಾಧಿಸಿದ ನೋಟ. "ಅದನ್ನೂ ನಾನೇ ಹೇಳ್ಬೇಕೇನಪ್ಪಾ?"

ಗುಮಾಸ್ತನ ಮುಖ ಬಿಳಿಚಿಕೊಂಡಿತು. ತನ್ನ ಕಚೇರಿಗೆ ಓಡಿಹೋಗಿ ಸೂಪರಿಂಟೆಂಡೆಂಟರಿಗೆ ಹೇಳಿದ. "ಮೇಲಿನಿಂದ ಯಾರೋ ತಪಾಸಣೆಗೆ ಬಂದು ಕೂತಿದ್ದಾರೆ ಸಾರ್. ಹೇಳದೆ ಕೇಳದೆ ಬಂದಿದ್ದಾರೆ. ಜವಾನನೇ ಕೋಟು ಹಾಕಿದ್ದಾನೆ."

ಈ ಕಡೆಯ ಮಾತು ಇಡೀ ಮಹಡಿಯನ್ನು ಅಲ್ಲಾಡಿಸಿತು. ಜವಾನನೇ ಕೋಟು ಹಾಕಿದ್ದರೆ ಒಳಗಿರುವವರು ಇನ್ನೆಂಥವರು ಎಂದು ಎಲ್ಲರೂ ಅವರವರ ಭಯಕ್ಕೆ ತಕ್ಕಂತೆ ಊಹಿಸಿಕೊಂಡರು. ಚಹಾಕ್ಕೆ ಹೋದವರು ಕೊನೆಯ ಗುಟುಕು ಬಿಟ್ಟು ಬಂದರು. ರಜೆಯಲ್ಲಿದ್ದವರೊಬ್ಬರು ಪಕ್ಕದ ಕೋಣೆಯಿಂದಲೇ ಹೊರಗೆ ಬಂದರು. ಕಸಪೊರಕೆಗಳು ಎದ್ದವು. ನೋಡನೋಡುತ್ತಿದ್ದಂತೆ ಬಾಗಿಲ ಮುಂದೆ ಸಾಲು ನಿಂತಿತು, ಸಾಲಿನ ಮೊದಲಿಗೆ ಉಪ ಕಾರ್ಯದರ್ಶಿಗಳೇ ಕಾಲರಿನ ಗುಂಡಿ ಹಾಕಿಕೊಳ್ಳುತ್ತ ನಿಂತರು. ದುಂಡಗಿನ ಮನುಷ್ಯ, ಗುಂಡಿ ಬೇಗ ಸೇರಲಿಲ್ಲ.

"ಸಾಹೇಬರ ಮನಸ್ಸು ಹೇಗಿದೆ?" ಎಂದು ಪಿಸುಗುಟ್ಟಿದರು.

"ಬೆಳಿಗ್ಗೆ ಚೆನ್ನಾಗಿತ್ತು" ಎಂದರು ಭಾವ. "ಈಗ ಹೇಳಕ್ಕಾಗಲ್ಲ."

ನೀವು ಕೇಳಬಹುದು, ಒಳಗೆ ಯಾರೂ ಇಲ್ಲವೆಂದು ಭಾವನಿಗೆ ಗೊತ್ತಿರಲಿಲ್ಲವೇ ಎಂದು. ಮೊದಲು ಗೊತ್ತಿತ್ತು. ಆದರೆ ಉಪ ಕಾರ್ಯದರ್ಶಿಗಳಂಥವರೇ ಬಂದು ಕಾಯುತ್ತಿರುವಾಗ, ಒಳಗೆ ಯಾರೂ ಇಲ್ಲವೆಂದು ಖಚಿತವಾಗಿ ಹೇಳಲು ತಾನು ಯಾರು ಎಂದು ಅವರಿಗೇ ಅನುಮಾನ ಹತ್ತಿತು. ಕ್ಯಾಂಟೀನಿನವನು ಒಳ್ಳೆಯ ಕಪ್ಪಿನಲ್ಲಿ ಚಹಾ ತಂದ. ಬೇಡವೆನ್ನುವುದು ಸಾಹೇಬರಿಗೆ ಅವಮಾನ. ಭಾವ ಬಾಗಿಲು ತಟ್ಟಿ ಚಹಾ ಒಳಗೆ ಒಯ್ದರು. ಬೆಳಿಗ್ಗೆಯಿಂದ ಅವರೂ ಚಹಾ ಕುಡಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬರಿಗೈಲಿ ಹೊರಗೆ ಬಂದು ಬಾಗಿಲೆಳೆದುಕೊಂಡರು.

"ಸಕ್ಕರೆ ಸಾಲದಂತೆ."

ಉಪ ಕಾರ್ಯದರ್ಶಿಗಳು ಕ್ಯಾಂಟೀನಿನವನನ್ನು ಸುಡುವ ಹಾಗೆ ನೋಡಿದರು. ಎರಡನೆಯ ಕಪ್ಪು ಬಂತು, ಜೊತೆಗೆ ಬಿಸ್ಕತ್ತಿನ ತಟ್ಟೆ. ಭಾವ ಮತ್ತೆ ಒಳಗೆ ಹೋದರು. ಈ ಸಲ ಬರುವುದು ಸ್ವಲ್ಪ ತಡವಾಯಿತು, ಬಿಸ್ಕತ್ತು ಜಾಸ್ತಿ ಇದ್ದವು.

ನಾನು ಭಾವನನ್ನು ಹುಡುಕಿಕೊಂಡು ಮೇಲೆ ಬಂದದ್ದು ಆಗ. ಅಲ್ಲಿ ಕಂಡದ್ದನ್ನು ನಂಬಲು ನನಗೆ ಸಮಯ ಬೇಕಾಯಿತು. ನನ್ನ ಮದುವೆಯ ಕೋಟಿನೊಳಗೆ ನಮ್ಮ ಭಾವ ಸ್ಟೂಲಿನ ಮೇಲೆ ಕೂತಿದ್ದಾರೆ, ನನ್ನ ಶೂಗಳು ಸ್ಟೂಲಿನ ಅಡಿಯಲ್ಲಿವೆ. ಅವರ ಮುಂದೆ ಒಂದು ಮಹಡಿಯಷ್ಟು ಸರ್ಕಾರ ಕೈಕಟ್ಟಿ ನಿಂತಿದೆ.

ಸಾಲನ್ನು ಬಳಸಿಕೊಂಡು ಒಬ್ಬ ವಯಸ್ಸಾದ ಹೆಂಗಸು ಬಂದಳು. ಸರ್ಕಾರಿ ಆಸ್ಪತ್ರೆಯ ನಿವೃತ್ತ ನರ್ಸಮ್ಮ. ಕಂಕುಳಲ್ಲಿ ಚೀಲ, ಕೈಯಲ್ಲಿ ಒಂದು ಕಾಗದ. ಭಾವ ತಟ್ಟನೆ ಎದ್ದು, "ಕೂತ್ಕೊಳ್ಳಿ ತಾಯಿ" ಎಂದು ಸ್ಟೂಲು ಬಿಟ್ಟುಕೊಟ್ಟರು. "ಯಾರನ್ನ ನೋಡಬೇಕಿತ್ತು?"

"ನನ್ನ ಸರ್ವಿಸ್ ಸರ್ಟಿಫಿಕೇಟಿಗೆ ಒಂದು ರುಜು ಬೇಕು ಕಣಪ್ಪ. ಎಷ್ಟು ಸಲ ಬಂದ್ರೂ ಸಾಹೇಬರು ಸೀಟಲ್ಲಿಲ್ಲ, ಸೀಟಲ್ಲಿಲ್ಲ ಅಂತಾರೆ." ಎದುರಿನ ಬಾಗಿಲ ಮೇಲಿದ್ದ ಹೆಸರು ಫಲಕದ ಕಡೆ ಕೈ ತೋರಿಸಿದಳು. ಉಪ ಕಾರ್ಯದರ್ಶಿಗಳ ಫಲಕ ಅದು. ಅವರು ತಲೆಯೆತ್ತಿ ಮೇಲಿನ ಫ್ಯಾನನ್ನು ಪರೀಕ್ಷಿಸತೊಡಗಿದರು.

ಭಾವ ಅವರ ಬಳಿ ಹೋಗಿ ತಗ್ಗಿದ ದನಿಯಲ್ಲಿ, "ಸಾರ್, ಇಲ್ಲಿ ಮಾತಾಡೋದು ಒಳಗೆ ಎಲ್ಲಾ ಕೇಳಿಸುತ್ತೆ" ಎಂದರು.

ಕಾಗದ ಕೈ ಬದಲಾಯಿಸಿತು. ಬರೆಯಲು ಮೇಜಿಲ್ಲದೆ ಸೂಪರಿಂಟೆಂಡೆಂಟರು ಬೆನ್ನು ಬಗ್ಗಿಸಿ ನಿಂತರು. ಅವರ ಬೆನ್ನ ಮೇಲೇ ರುಜು ಬಿತ್ತು. ಗುಮಾಸ್ತ ಓಡಿ ಮೊಹರು ತಂದು ಗುದ್ದಿದ. ಸೂಪರಿಂಟೆಂಡೆಂಟರು ಕೆಮ್ಮಿದರು. ನರ್ಸಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇನಾ?" ಎಂದಳು. ಆಮೇಲೆ ಭಾವನ ಕಡೆ ತಿರುಗಿ, "ನಿಮ್ಮಂಥವರು ಒಬ್ಬರು ಬಾಗಿಲಲ್ಲಿದ್ರೆ ಸಾಕಪ್ಪ" ಎಂದು ಹೇಳಿ ಕಣ್ಣೊರೆಸಿಕೊಂಡಳು. ನಿಜ ಹೇಳುತ್ತೇನೆ, ಆ ಕೋಟು ನನ್ನದೆಂದು ಎಲ್ಲರಿಗೂ ಹೇಳಬೇಕೆನ್ನಿಸಿತು.

ಹೇಳಲು ಪುರುಸೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಬೀಗರ ದನಿ ಕೇಳಿಸಿತು.

"ಭಾವ, ಏಳಿ, ಬೇಗ ಬನ್ನಿ. ಬೀಗರು ಬರ್ತಿದ್ದಾರೆ" ಎಂದು ಅವರ ಕಿವಿಯಲ್ಲಿ ಹೇಳಿದೆ.

ನರ್ಸಮ್ಮ ಹೋದಮೇಲೆ ಭಾವ ಮತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಅವರೂ ಪಿಸುದನಿಯಲ್ಲೇ ಅಂದರು, "ಹೇಗೆ ಬರ್ಲೋ? ಒಳಗೆ ಸಾಹೇಬರಿದ್ದಾರೆ."

"ಒಳಗೆ ಯಾರೂ ಇಲ್ಲ ಭಾವ."

"ಅದು ನನಗೆ ಗೊತ್ತು, ನಿನಗೆ ಗೊತ್ತು. ಇವರನ್ನೆಲ್ಲಾ ಬಿಟ್ಟು ಹೆಂಗಪ್ಪಾ ಎದ್ದು ಬರೋದು? ಹೇಳದೆ ಕೇಳದೆ ಬಾಗಿಲು ಬಿಟ್ಟು ಹೋದವನಲ್ಲ ನಾನು."

ಬೀಗರು, ಬೀಗಿತಿ, ಅಕ್ಕ ಮೂವರೂ ಮೊಗಸಾಲೆಯ ತುದಿಯಲ್ಲಿ ನಿಂತುಬಿಟ್ಟರು. ಅಕ್ಕ ಒಂದು ನೋಟದಲ್ಲೇ ಎಲ್ಲವನ್ನೂ ಕಂಡಳು, ಬಾಗಿಲು, ಸ್ಟೂಲು, ಸ್ಟೂಲಿನ ಮೇಲೆ ಗಂಡ. ಇಷ್ಟು ದಿನ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಫೋಟೋ ತಾನಾಗಿ ಎದ್ದು ಬಂದು ರಾಜಧಾನಿಯಲ್ಲಿ ಕೂತಂತಿತ್ತು. ಸೆರಗು ಬಾಯಿಗೆ ಹೋಯಿತು.  ಬೀಗರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಅಂಗಡಿಯ ಕಾರ್ಡು ತೆಗೆಯಿತು. ಕಾಲುಗಳು ಮೆಲ್ಲಗೆ ನಡೆದು ಸಾಲಿನ ಕೊನೆಯಲ್ಲಿ ನಿಂತವು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ದೀಪ ರಿಪೇರಿಯವನು ಕೈಯಲ್ಲಿ ಬಲ್ಬು ಹಿಡಿದು ಬಂದ. "ಯಾರಪ್ಪಾ ನನ್ನ ಸ್ಟೂಲ್ ಮೇಲೆ ಕೂತಿರೋದು? ಏಳಿ, ಒಳಗೆ ಬಲ್ಬ್ ಹಾಕ್ಬೇಕು" ಎನ್ನುತ್ತ ಯಾರೂ ತಡೆಯುವ ಮೊದಲೇ ಬಾಗಿಲು ತಳ್ಳಿಬಿಟ್ಟ.

ಸಾಲಿಗೆ ಸಾಲೇ ಕತ್ತು ಚಾಚಿತು. ಒಳಗೆ ಸುತ್ತಲೂ ಹಗ್ಗ ಕಟ್ಟಿದ ಒಂದು ಹಳೆಯ ಮೇಜು, ಒಂದು ಎತ್ತರದ ಕುರ್ಚಿ. ಕುರ್ಚಿಯಲ್ಲಿ ಯಾರೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಎರಡು ಖಾಲಿ ಕಪ್ಪು, ಬಿಸ್ಕತ್ತಿನ ಪುಡಿ ಇದ್ದ ತಟ್ಟೆ.  ಅಕ್ಕ ಕಣ್ಣು ಮುಚ್ಚಿಕೊಂಡಳು.

"ಸಾಹೇಬರು ಎಲ್ಲಿ?" ಎಂದರು ಉಪ ಕಾರ್ಯದರ್ಶಿಗಳು.

ಭಾವ ಎದ್ದುನಿಂತರು. ಅವರ ಮುಖದಲ್ಲಿ ಗಾಬರಿಯ ಗೆರೆಯೂ ಇರಲಿಲ್ಲ. ಕೋಣೆಯ ಆಚೆ ಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು. ಅಂಥ ಇನ್ನೊಂದು ಬಾಗಿಲು ಡೈರೆಕ್ಟರ ಕೋಣೆಯಲ್ಲೂ ಇತ್ತು, ಅದನ್ನು ನಂಬಿಕೊಂಡೇ ಭಾವನ ನೌಕರಿ ನಡೆದದ್ದು. "ಆ ಕಡೆ ಬಾಗಿಲಿಂದ ಹೊರಟರು ಸಾರ್" ಎಂದರು.

ಉಪ ಕಾರ್ಯದರ್ಶಿಗಳು ಒಳಗೆ ಹೋಗಿ ಕಪ್ಪು ಮುಟ್ಟಿ ನೋಡಿದರು. "ಇನ್ನೂ ಬೆಚ್ಚಗಿದೆ. ಈಗಷ್ಟೇ ಹೋಗಿದ್ದಾರೆ."

"ಇದು ಮ್ಯೂಸಿಯಂ ರೂಮು ಸಾರ್, ಇಲ್ಲಿ ಯಾರೂ ಕೂರಲ್ಲ" ಎಂದ ರಿಪೇರಿಯವನು.

"ನಿನಗೇನಯ್ಯಾ ಗೊತ್ತು? ನೀನು ಬಲ್ಬ್ ಹಾಕು" ಎಂದು ಸೂಪರಿಂಟೆಂಡೆಂಟರು ಗದರಿದರು. ಖಾಲಿ ಕುರ್ಚಿಗೆ ಬೆನ್ನು ಬಗ್ಗಿಸಿದ್ದೆ ಎಂದು ಒಪ್ಪಿಕೊಳ್ಳಲು ಅವರು ತಯಾರಿರಲಿಲ್ಲ.

ಉಪ ಕಾರ್ಯದರ್ಶಿಗಳು ಭಾವನ ಕೈ ಹಿಡಿದುಕೊಂಡರು. "ನಮ್ಮ ಬಗ್ಗೆ ಏನಾದ್ರೂ ಹೇಳಿದ್ರಾ?"

"ಎಲ್ಲಾ ನೋಡ್ಕೊಂಡು ಹೋಗಿದ್ದಾರೆ" ಎಂದರು ಭಾವ. "ಮತ್ತೆ ಬರ್ತಾರಂತೆ. ಯಾವತ್ತು ಅಂತ ಹೇಳಿಲ್ಲ."

ಎಲ್ಲರೂ ಅವರವರ ಕುರ್ಚಿಗೆ ಓಡಿದರು. ಆ ಕಟ್ಟಡದಲ್ಲಿ ಅಷ್ಟು ಜನ ಒಟ್ಟಿಗೆ ಸೀಟಿನಲ್ಲಿ ಕೂತದ್ದು ಅದೇ ಮೊದಲಿರಬೇಕು.

ಮೊಗಸಾಲೆಯಲ್ಲಿ ನಾವು ಮಾತ್ರ ಉಳಿದೆವು. ಬೀಗರು ಭಾವನ ಹತ್ತಿರ ಬಂದರು. "ಬೀಗರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಡೈರೆಕ್ಟರ ಆಫೀಸಲ್ಲಿ ನಿಮ್ಮ ಕೆಲಸ ಏನಿತ್ತು?"

"ಇವರದು ಮುಖ್ಯವಾಗಿ—" ಎಂದು ಅಕ್ಕ ಶುರುಮಾಡಿದಳು.

ಭಾವ ಅವಳ ಕಡೆ ಕೈ ತೋರಿಸಿ ನಿಲ್ಲಿಸಿದರು, ಬಾಗಿಲಿಗೆ ಅಡ್ಡ ಹಿಡಿಯುತ್ತಿದ್ದ ಅದೇ ಕೈ. "ಜವಾನ" ಎಂದರು. "ಸಾಹೇಬರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರ್ತಿದ್ದೆ. ಎಷ್ಟೋ ಡೈರೆಕ್ಟರುಗಳು ಬಂದು ಹೋದ್ರು. ಬಾಗಿಲು ನಾನೇ ನೋಡ್ಕೊಂಡೆ." ಬೆನ್ನು ಆಗಲೂ ನೆಟ್ಟಗೇ ಇತ್ತು.

ಅಕ್ಕನ ಕಣ್ಣಲ್ಲಿ ನೀರು ಬಂತು. ಮಗಳ ಅತ್ತೆಮನೆಯಲ್ಲಿ ತಮ್ಮ ಮಾನ ಆ ಮೊಗಸಾಲೆಯಲ್ಲೇ ಹೋಯಿತು ಎಂದು ಅವಳು ತೀರ್ಮಾನಿಸಿದ್ದಳು.

ಬೀಗರು ಕೈಯಲ್ಲಿದ್ದ ಕಾರ್ಡನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಸ್ವಲ್ಪ ಕೋಪದಿಂದಲೇ ಅಕ್ಕನ ಕಡೆ ತಿರುಗಿ, "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮಾ?" ಎಂದರು. "ಜೀವಮಾನವೆಲ್ಲಾ ಆಫೀಸುಗಳಿಗೆ ಬೀರು ಮಾರಿದೋನು ನಾನು. ಆಫೀಸರುಗಳಿಗೆ ಯಾವತ್ತೂ ಹೆದರಿದೋನಲ್ಲ. ಇವತ್ತು ಇರ್ತಾರೆ, ನಾಳೆ ವರ್ಗ ಆಗಿ ಹೋಗ್ತಾರೆ. ನಾನು ಹೆದರಿದ್ದು ಒಬ್ಬರಿಗೇ, ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವರಿಗೆ. ಅವರು ಹೂಂ ಅಂದ್ರೆ ಅಂಗಡಿ ನಡೆಯುತ್ತೆ, ಊಹೂಂ ಅಂದ್ರೆ ಇಲ್ಲ. ನೋಡಿ, ಈಗಲೂ ಕಾರ್ಡ್ ತೆಗೆದು ಸಾಲಲ್ಲಿ ನಿಂತುಬಿಟ್ಟೆ. ನಮ್ಮ ಹುಡುಗನಿಗೆ ಬರೀ ಆಫೀಸರ ಮಗಳನ್ನ ತಂದ್ಕೊಂಡೆ ಅಂದ್ಕೊಂಡು ಇಷ್ಟು ದಿನ ಸುಮ್ನಿದ್ದೆನಲ್ಲಾ."

"ಅದಕ್ಕೇ ನಾನು ಆವಾಗಲೇ ಅಂದದ್ದು, ದೊಡ್ಡ ಅಧಿಕಾರದಲ್ಲಿದ್ದವರು ಅಂತ" ಎಂದರು ಬೀಗಿತಿ.

ಹೊರಡುವ ಮೊದಲು ಬೀಗರು ಒಂದು ಹಟ ಹಿಡಿದರು. ರಿಪೇರಿಯವನಿಂದ ಸ್ಟೂಲು ಕೇಳಿ ತರಿಸಿದರು. ಭಾವ ಅದರ ಮೇಲೆ ಕೂತರು. "ಈ ಕೋಟು ತೆಗಿತೀನಪ್ಪಾ, ಸೆಕೆ" ಎಂದು ಬಿಚ್ಚಿ ನನ್ನ ಕೈಗೆ ಕೊಟ್ಟರು. ಬೀಗರು ಪಕ್ಕದಲ್ಲಿ ಎರಡೂ ಕೈಯಲ್ಲಿ ಅಂಗಡಿಯ ಕಾರ್ಡು ಹಿಡಿದು, ಒಳಗೆ ಬಿಡಿ ಎಂದು ಕೇಳುವವರ ಹಾಗೆ ಸ್ವಲ್ಪ ಬಾಗಿ ನಿಂತರು. ನಾನು ಕ್ಯಾಮೆರಾ ಎತ್ತಿದೆ.

"ತಡಿ" ಎಂದಳು ಅಕ್ಕ. ಗಂಡನ ಬಳಿ ಹೋಗಿ ಅಂಗಿಯ ಕಾಲರು ಸರಿಮಾಡಿದಳು. ಸ್ಟೂಲಿನ ಅಡಿಯಿಂದ ನನ್ನ ಶೂಗಳನ್ನು ತೆಗೆದು ದೂರ ಇಟ್ಟಳು. "ಈಗ ತೆಗಿ. ಸ್ಟೂಲು ಪೂರ್ತಿ ಬರ್ಲಿ."

ಅದರ ಒಂದು ಪ್ರತಿ ಬೀಗರ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುತ್ತಿದೆ. ಇನ್ನೊಂದು ಅಕ್ಕನ ಮನೆಯ ನಡುಮನೆಯಲ್ಲಿದೆ, ಅದರ ಪಕ್ಕದಲ್ಲಿ ಬೀರುವಿನಿಂದ ಹೊರಗೆ ಬಂದ ಬೀಳ್ಕೊಡುಗೆಯ ಫೋಟೋ. ಮನೆಗೆ ಹೊಸಬರು ಯಾರೇ ಬಂದರೂ ಅಕ್ಕ ಮೊದಲು ಎರಡನ್ನೂ ತೋರಿಸುತ್ತಾಳೆ. "ನಮ್ಮನೆಯವರು ಜವಾನರಾಗಿದ್ರು" ಎನ್ನುತ್ತಾಳೆ. "ಇವರನ್ನ ಕೇಳದೆ ಯಾರೂ ಒಳಗೆ ಹೋಗೋ ಹಾಗಿರಲಿಲ್ಲ."